ಹದಕ್ಕೆ ಬಂದ ಮೇಲೆ ಹೆದೆ

ಹೆದೆ ಬಿಚ್ಚಿಟ್ಟ ಕೊರಿಯಾದ ಕೋಡಿನ ಬಿಲ್ಲು ನೋಡಲು ಬಿಲ್ಲಿನಂತಿರುವುದಿಲ್ಲ. ಎರಡು ತುದಿಗಳೂ ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದು, ಬಾಯಿ ಕೂಡದ ಬಳೆಯ ಹಾಗೆ ಸುರುಟಿಕೊಂಡಿರುತ್ತದೆ. ಒಳಮೈಗೆ ಬರ್ಚ್ ಮರದ ತೆಳು ತೊಗಟೆ ಅಂಟಿಸಿರುತ್ತಾರೆ, ಹೊರಮೈಯಲ್ಲಿ ಎಮ್ಮೆಗೋಡು ಹೊಳೆಯುತ್ತಿರುತ್ತದೆ. ಹೆದೆ ಏರಿಸುವುದೆಂದರೆ ಈ ಬಳೆಯ ಬಾಯಿಗೆ ದಾರ ಕಟ್ಟುವುದಲ್ಲ. ಬಳೆಯನ್ನು ಬಿಡಿಸಿ ನೆಟ್ಟಗೆ ಮಾಡಿ, ಅಲ್ಲಿಗೂ ನಿಲ್ಲದೆ ಅದು ಬಾಗಿರುವ ದಿಕ್ಕಿಗೆ ತೀರ ಎದುರು ದಿಕ್ಕಿಗೆ ಮಗುಚಿ, ಹಾಗೆ ಮಗುಚಿ ಹಿಡಿದಿರುವಾಗಲೇ ಎರಡೂ ಕೊಪ್ಪುಗಳಿಗೆ ಹೆದೆ ಸಿಕ್ಕಿಸಬೇಕು. ಅಷ್ಟು ಹೊತ್ತೂ ಬಿಲ್ಲು ತನ್ನ ಹಳೆಯ ಆಕಾರಕ್ಕೆ ಮರಳಲು ಜಗ್ಗುತ್ತಲೇ ಇರುತ್ತದೆ. ಒಂದು ತೋಳು ಒಂದಿಷ್ಟು ಓರೆಯಾದರೂ ಸಾಕು, ಹೆದೆ ಪಕ್ಕಕ್ಕೆ ಜಾರಿ ಇಡೀ ಬಿಲ್ಲು ಒಮ್ಮೆಗೇ ತಿರುಗಿ ಹೊಡೆಯುತ್ತದೆ; ತಿಂಗಳುಗಟ್ಟಲೆಯ ದುಡಿಮೆ ಸೀಳಿಹೋಗಬಹುದು, ಹಿಡಿದವನ ಮುಖಕ್ಕೂ ಪೆಟ್ಟು ಬೀಳಬಹುದು. ಹೀಗಾಗದಂತೆ, ಎರಡೂ ತೋಳುಗಳು ಸಮನಾಗಿ, ನೇರವಾಗಿ, ಬಾಗಬೇಕಾದಲ್ಲಷ್ಟೇ ಬಾಗುವಂತೆ ಬಿಲ್ಲನ್ನು ಒಗ್ಗಿಸುವ ಕೆಲಸವೊಂದಿದೆ. ಕನ್ನಡದಲ್ಲಿ ಅದಕ್ಕೆ ‘ಹದ’ಕ್ಕಿಂತ ಒಳ್ಳೆಯ ಮಾತು ಸಿಗಲಾರದು. ಪಾಕಕ್ಕೆ, ಮಣ್ಣಿಗೆ, ತೊಗಲಿಗೆ ನಾವು ಹೇಳುವ ಅದೇ ಹದ.

ಕೋಡು, ನರ, ಮರ ಈ ಮೂರನ್ನು ಅಂಟಿನಲ್ಲಿ ಒಂದುಮಾಡಿದ ಬಿಲ್ಲಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹೊಗಳುವುದು ಅದರ ಸಾಮಗ್ರಿಯನ್ನು. ಕೋಡು ಇಷ್ಟು ಗಟ್ಟಿ, ನರ ಇಷ್ಟು ಬಿಗಿ, ಆದ್ದರಿಂದ ಹುಲ್ಲುಗಾವಲಿನ ಕುದುರೆ ಸವಾರರು ಅರ್ಧ ಜಗತ್ತನ್ನು ಗೆದ್ದರು ಎಂಬ ಧಾಟಿಯ ಮಾತು. ವಸ್ತುಸಂಗ್ರಹಾಲಯದ ಚೀಟಿಗಳೂ ಸಾಮಗ್ರಿಯ ಪಟ್ಟಿ ಕೊಟ್ಟು ಸುಮ್ಮನಾಗುತ್ತವೆ. ನನ್ನ ವಾದ ಬೇರೆ. ಈ ಬಿಲ್ಲಿನ ಸಾಮಗ್ರಿ ಕೊಡುವುದು ಬರಿಯ ಅವಕಾಶವನ್ನು. ಅವಕಾಶವನ್ನು ಬಿಲ್ಲಾಗಿ ಮಾಡುವುದು ಹದ. ಮರದ ಬಿಲ್ಲಿನಲ್ಲಿ ಹದವೆಂದರೆ ಮಾಡುವವನ ಕೈಯಲ್ಲಿ ಒಂದು ಸಲ ಆಗಿ ಮುಗಿಯುವ ಕೊನೆಯ ಘಟ್ಟ. ಕೋಡಿನ ಬಿಲ್ಲಿನಲ್ಲಿ ಅದು ಮುಗಿಯುವುದೇ ಇಲ್ಲ. ಅದನ್ನು ಬಳಸುವವನೂ ಒಂದಷ್ಟು ಮಟ್ಟಿಗೆ ಅದನ್ನು ಮಾಡುವವನೇ ಆಗಿರಬೇಕಾಗುತ್ತದೆ.

ಸಾಮಗ್ರಿಯ ಪಾಲು ಎಷ್ಟೆಂಬುದನ್ನು ಮೊದಲು ನ್ಯಾಯವಾಗಿ ಒಪ್ಪಿಕೊಳ್ಳೋಣ. ಬಿಲ್ಲನ್ನು ಸೆಳೆದಾಗ ಗುರಿಯ ಕಡೆಗಿರುವ ಬೆನ್ನು ಹಿಗ್ಗುತ್ತದೆ, ಬಿಲ್ಲಾಳಿನ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಒಂದೇ ಮರ ಎರಡನ್ನೂ ತಾಳಬೇಕಾದರೆ ತೋಳುಗಳು ಉದ್ದವಾಗಲೇಬೇಕು. ಇಂಗ್ಲಿಷರ ಯೂ ಮರದ ಬಿಲ್ಲು ಆಳೆತ್ತರಕ್ಕಿದ್ದುದು ಸುಮ್ಮನೆ ಅಲ್ಲ. ಕೋಡಿನ ಬಿಲ್ಲಿನಲ್ಲಿ ಈ ಎರಡು ಕೆಲಸವನ್ನು ಇಬ್ಬರಿಗೆ ಹಂಚಿದ್ದಾರೆ. ಬೆನ್ನಿಗೆ ಎತ್ತಿನ ಹಿಂಗಾಲಿನ ನರ, ಹೊಟ್ಟೆಗೆ ಎಮ್ಮೆಯ ಕೋಡು, ನಡುವೆ ಆಕಾರ ಕೊಡಲು ತೆಳುವಾದ ಮರ ಅಥವಾ ಬಿದಿರು. ಎಡ್ವರ್ಡ್ ಮೆಕ್‌ಯೂವನ್, ರಾಬರ್ಟ್ ಮಿಲ್ಲರ್, ಕ್ರಿಸ್ಟೋಫರ್ ಬರ್ಗ್‌ಮನ್ 1991ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬರೆದ ಲೇಖನದ ಪ್ರಕಾರ ನರದ ಎಳೆತದ ಬಲ ಚದರ ಮಿಲಿಮೀಟರಿಗೆ ಸುಮಾರು 20 ಕಿಲೋ, ಬಿಲ್ಲಿನ ಮರದ ಹೆಚ್ಚುಕಡಿಮೆ ನಾಲ್ಕು ಪಟ್ಟು. ಒತ್ತಡ ತಾಳುವುದರಲ್ಲಿ ಕೋಡು ಗಟ್ಟಿಮರದ ಸುಮಾರು ಎರಡು ಪಟ್ಟು. ಅದಕ್ಕಿಂತ ಮುಖ್ಯ ಸಂಗತಿಯೆಂದರೆ, ಮರದ ನಾರು ನಲುಗಿಹೋಗುವಷ್ಟು ಒತ್ತಿದರೂ ಕೋಡು ನಲುಗದೆ ಕುಗ್ಗಿ, ಬಿಟ್ಟಾಗ ಮೊದಲಿನಂತಾಗುತ್ತದೆ. ಹೀಗಾಗಿ ಮೂರೂವರೆ ಅಡಿಯ ತುರ್ಕಿ ಬಿಲ್ಲು ಆಳುದ್ದದ ಮರದ ಬಿಲ್ಲಿನಷ್ಟೇ ಸೆಳೆತ ಕೊಡಬಲ್ಲದು. ತೋಳು ಗಿಡ್ಡ, ತುದಿ ಹಗುರ, ಆದ್ದರಿಂದ ಬಿಟ್ಟಾಗ ಅದು ತನ್ನ ಬಲವನ್ನು ತನ್ನನ್ನೇ ತಳ್ಳಿಕೊಳ್ಳಲು ವ್ಯರ್ಥ ಮಾಡದೆ ಬಾಣಕ್ಕೆ ಕೊಡುತ್ತದೆ. ಮೊದಲೇ ಎದುರು ದಿಕ್ಕಿಗೆ ಸುರುಟಿರುವುದರಿಂದ ಸೆಳೆತದ ಮೊದಲ ಗೇಣಿನಲ್ಲೇ ಬಿಗಿ ಹತ್ತುತ್ತದೆ. ಕೊನೆಯಲ್ಲಿ ಎಷ್ಟು ತೂಕ ಹಿಡಿದಿರೋ ಅಷ್ಟೇ ತೂಕದ ಮರದ ಬಿಲ್ಲಿಗಿಂತ ಒಟ್ಟು ಶಕ್ತಿ ಹೆಚ್ಚು ತುಂಬಿಕೊಳ್ಳುತ್ತದೆ.

ಇದೆಲ್ಲ ನಿಜ. ಆದರೆ ಇಲ್ಲೇ ಒಂದು ತೊಡಕು ಹುಟ್ಟುತ್ತದೆ. ಇಷ್ಟು ಗಿಡ್ಡ ತೋಳಿನಲ್ಲಿ ಇಷ್ಟು ಶಕ್ತಿ ತುಂಬಿದರೆ ತಪ್ಪಿಗೆ ಜಾಗ ಉಳಿಯುವುದಿಲ್ಲ. ಆಳುದ್ದದ ಬಿಲ್ಲಿನಲ್ಲಿ ಒಂದು ಗೇಣು ಜಾಗ ಸ್ವಲ್ಪ ಬಿರುಸಾಗಿದ್ದರೆ ಉಳಿದ ಭಾಗ ಆ ಹೊರೆಯನ್ನು ಹಂಚಿಕೊಳ್ಳುತ್ತದೆ. ಕೋಡಿನ ಬಿಲ್ಲಿನಲ್ಲಿ ಬಾಗುವ ಭಾಗವೇ ಪ್ರತಿ ತೋಳಿಗೆ ಒಂದೆರಡು ಗೇಣು. ‘ಕಿವಿ’ ಎನ್ನುವ ತುದಿಯ ಭಾಗಗಳು ಬಾಗುವುದಿಲ್ಲ, ಹಿಡಿ ಬಾಗುವುದಿಲ್ಲ. ಆ ಒಂದೆರಡು ಗೇಣಿನಲ್ಲಿ ಒಂದು ಬೆರಳಗಲ ಜಾಗ ಮೆತ್ತಗಿದ್ದರೆ ಇಡೀ ಬಾಗು ಅಲ್ಲೇ ಬಂದು ಮಡಿಕೆಯಾಗುತ್ತದೆ, ಅಲ್ಲೇ ಕೋಡು ಮರದಿಂದ ಎದ್ದುಕೊಳ್ಳುತ್ತದೆ. ಒಳ್ಳೆಯ ಸಾಮಗ್ರಿ ಬಿಲ್ಲನ್ನು ಕ್ಷಮಾಶೀಲ ಮಾಡುವುದಿಲ್ಲ, ಇನ್ನಷ್ಟು ಮುಂಗೋಪಿ ಮಾಡುತ್ತದೆ.

ಚೀನಾದ ಹಳೆಯ ಕುಶಲಕರ್ಮ ಗ್ರಂಥ ‘ಕಾವ್‌ಗೋಂಗ್‌ಜೀ’ ಈ ಲೆಕ್ಕಾಚಾರಕ್ಕೆ ಒಳ್ಳೆಯ ಸಾಕ್ಷಿ. ಕ್ರಿಸ್ತಪೂರ್ವ ಕಾಲದ ಈ ಗ್ರಂಥ ಬಿಲ್ಲಿಗೆ ಆರು ಸಾಮಗ್ರಿ ಹೇಳುತ್ತದೆ: ಮರ, ಕೋಡು, ನರ, ಅಂಟು, ರೇಷ್ಮೆ, ಅರಗಿನ ಲೇಪ. ಸಾಮಗ್ರಿಯ ಬಗ್ಗೆ ಅದಕ್ಕಿರುವ ಕಾಳಜಿ ಅಪಾರ. ಯಾವ ಋತುವಿನಲ್ಲಿ ಕಡಿದ ದನದ ಕೋಡು ದಪ್ಪ, ಯಾವಾಗಿನದು ತೆಳು ಎಂಬುದನ್ನೂ ಬಿಡುವುದಿಲ್ಲ. ಎರಡೂವರೆ ಗೇಣಿನಷ್ಟು ಉದ್ದವಿದ್ದು, ಬುಡದಿಂದ ತುದಿಗೆ ಮೂರು ಬಣ್ಣ ಕ್ರಮ ತಪ್ಪದೆ ಇಳಿದು ಬಂದ ಕೋಡು ಸಿಕ್ಕರೆ, ಎತ್ತು ತನ್ನ ತಲೆಯ ಮೇಲೆ ಇನ್ನೊಂದು ಎತ್ತನ್ನು ಹೊತ್ತಿದೆ ಎನ್ನುತ್ತಿದ್ದರಂತೆ. ಕೋಡಿನ ಬೆಲೆಯೇ ಒಂದು ಎತ್ತಿನಷ್ಟು ಎಂದು ವ್ಯಾಖ್ಯಾನಕಾರರ ವಿವರಣೆ. ಸೊಲ್ಲಾಪುರ, ಬೆಳಗಾವಿ ಕಡೆಯ ಪಂಢರಪುರಿ ಎಮ್ಮೆಯ ಹೆಗಲು ದಾಟಿ ಹಿಂದಕ್ಕೆ ಚಾಚಿದ ಕತ್ತಿಯಂಥ ಕೋಡನ್ನು ಕಂಡವರಿಗೆ ಇದು ಅರ್ಥವಾದೀತು. ಸುರುಳಿ ಕೋಡಿನ ಮುರ್ರಾ ಈ ಕೆಲಸಕ್ಕೆ ಬಾರದು. ಆದರೆ ಅದೇ ಗ್ರಂಥ ಕೆಲಸವನ್ನು ಋತುಗಳಿಗೆ ಹಂಚಿರುವ ಬಗೆ ನೋಡಿ. ಚಳಿಗಾಲದಲ್ಲಿ ಮರ ಸೀಳುವುದು, ವಸಂತದಲ್ಲಿ ಕೋಡು ನೆನೆಸುವುದು, ಬೇಸಿಗೆಯಲ್ಲಿ ನರ ಸಿದ್ಧಮಾಡುವುದು, ಶರತ್ಕಾಲದಲ್ಲಿ ಮೂರನ್ನೂ ಕೂಡಿಸುವುದು. ಅಲ್ಲಿಗೆ ಸಾಮಗ್ರಿಯ ಕತೆ ಮುಗಿಯಿತು, ಬಿಲ್ಲು ಮುಗಿಯಲಿಲ್ಲ. ಬಳಿಕ ಕೊರೆಯುವ ಚಳಿಯಲ್ಲಿ ಅದನ್ನು ಚೌಕಟ್ಟಿಗೆ ಬಿಗಿದು ಆಕಾರ ನಿಲ್ಲಿಸಬೇಕು, ನೀರು ಹೆಪ್ಪುಗಟ್ಟುವ ಹೊತ್ತಿನಲ್ಲಿ ಲೇಪದ ಬಿರುಕು ನೋಡಬೇಕು, ಮತ್ತೊಂದು ವಸಂತ ಬಂದ ಮೇಲೆ ಹೆದೆ ಏರಿಸಬೇಕು. ಕೂಡಿಸುವುದಕ್ಕೆ ಒಂದೇ ಋತು, ಕೂಡಿಸಿದ್ದನ್ನು ಒಗ್ಗಿಸುವುದಕ್ಕೆ ಇಡೀ ಚಳಿಗಾಲ ದಾಟಿ ಮುಂದಿನ ವಸಂತದವರೆಗೆ ಕಾಯುವಿಕೆ. ಈ ಹಂಚಿಕೆಯೇ ಗ್ರಂಥಕಾರನ ಅಭಿಪ್ರಾಯ ಎಂದು ನಾನು ಓದುತ್ತೇನೆ.

ಈಗ ಹದದ ಹತ್ತಿರಕ್ಕೇ ಹೋಗೋಣ. ಮರದ ಬಿಲ್ಲನ್ನು ಹದಕ್ಕೆ ತರುವ ದಾರಿ ಸರಳ: ಹಿಡಿಯನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, ಸಡಿಲ ಹೆದೆಯನ್ನು ಇಂಚಿಂಚಾಗಿ ಕೆಳಗೆಳೆದು, ದೂರ ನಿಂತು ಬಾಗನ್ನು ಕಣ್ಣಲ್ಲಿ ಅಳೆದು, ಬಿರುಸಾಗಿರುವ ಕಡೆ ಹೊಟ್ಟೆಯಿಂದ ಒಂದೆರಡು ಹೊಪ್ಪಳಿಕೆ ಹೆರೆಯುವುದು. ಹೆರೆದದ್ದು ಹೋಯಿತು, ಮತ್ತೆ ಬಾರದು. ಕೋಡಿನ ಬಿಲ್ಲಿನಲ್ಲಿ ಹೆರೆಯುವುದು ಕಟ್ಟಕಡೆಯ ಉಪಾಯ. ಅಲ್ಲಿ ಹದ ಶುರುವಾಗುವುದು ನರ ಹಾಕುವಾಗಲೇ. ಬಡಿದು ಬಾಚಿ ಎಳೆಎಳೆ ಮಾಡಿದ ನರವನ್ನು ಬೆಚ್ಚನೆಯ ಅಂಟಿನಲ್ಲಿ ಅದ್ದಿ ಬೆನ್ನಿನುದ್ದಕ್ಕೂ ಪದರ ಪದರವಾಗಿ ಹಾಸುತ್ತಾರೆ. ಒಣಗುತ್ತಾ ನರ ಕುಗ್ಗುತ್ತದೆ, ಕುಗ್ಗುತ್ತಾ ಬಿಲ್ಲನ್ನು ಎದುರು ದಿಕ್ಕಿಗೆ ಎಳೆಯುತ್ತದೆ. ತುರ್ಕಿಯವರು ಆ ಎಳೆತಕ್ಕೆ ಜೊತೆಗೊಡಲು ಎರಡೂ ತುದಿಗಳಿಗೆ ಹಗ್ಗ ಕಟ್ಟಿ ದಿನಕ್ಕಿಷ್ಟು ಬಿಗಿಯುತ್ತಾ ಹೋಗಿ, ಕೊನೆಗೆ ಬಿಲ್ಲು ಸುರುಟಿಕೊಂಡಾಗ ಹಾಗೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೇಲೆ, ಒಣಗಲು ಬಿಡುತ್ತಿದ್ದರು. ಈ ಕಾಯುವಿಕೆಯನ್ನು ಸೋಮಾರಿತನ ಎಂದುಕೊಳ್ಳಬಾರದು. ಹಸಿ ಅಂಟಿನ ಬಿಲ್ಲನ್ನು ಮಗುಚಿದರೆ ಅದು ಬಾಗುತ್ತದೆ, ಆದರೆ ಮರಳುವುದಿಲ್ಲ. ಬೇಯದ ಅನ್ನದ ಹಾಗೆ, ಎಷ್ಟು ಒಳ್ಳೆಯ ಅಕ್ಕಿಯಾದರೇನು.

ಒಣಗಿದ ಮೇಲೆ ಮೊದಲ ಸಲ ಅದನ್ನು ತೆರೆಯುವ ಗಳಿಗೆ ಎಲ್ಲಕ್ಕಿಂತ ಅಪಾಯದ್ದು. ಬಿಲ್ಲನ್ನು ಕೆಂಡದ ಮೇಲೆ ಹಿಡಿದು ಆಡಿಸುತ್ತಾರೆ. ಕೈಗೆ ಬಿಸಿ ಹತ್ತಬೇಕು, ಸುಡಬಾರದು. ಪ್ರಾಣಿಯ ತೊಗಲಿನಿಂದಲೋ ನರದಿಂದಲೋ ಮೀನಿನ ಗಾಳಿಚೀಲದಿಂದಲೋ ತೆಗೆದ ಈ ಅಂಟು ಬಿಸಿಗೆ ಕೊಂಚ ಮಣಿಯುತ್ತದೆ, ಕೋಡೂ ಮಣಿಯುತ್ತದೆ. ಆ ಮಣಿಯುವಿಕೆ ಇರುವಷ್ಟು ಹೊತ್ತಿನಲ್ಲೇ ಬಾಗು ಹಿಂದುಮುಂದಾಗಬೇಕು. ತುರ್ಕಿಯ ಕಸುಬಿನಲ್ಲಿ ಇದಕ್ಕೆ ಎರಡು ಸಲಕರಣೆ. ‘ಕೆಮೆಂದ್’ ಎಂಬ ಉದ್ದ ಪಟ್ಟಿ, ತುದಿಗಳಿಗೆ ಸಿಕ್ಕಿಸಿ ಎಳೆಯಲು. ‘ತೆಪೆಲಿಕ್’ ಎಂಬ ಬಾಗಿದ ಮರದ ಅಚ್ಚು, ಬಾಗಿದ ತೋಳನ್ನು ಅದಕ್ಕೆ ಬಿಗಿದು ಕಟ್ಟಿ ಹಾಗೇ ನಿಲ್ಲಿಸಲು. ಕೊರಿಯಾದಲ್ಲಿ ‘ದೊಜಿಗೆ’ ಎಂಬ ಬಾಗುಮರ ಇದೇ ಕೆಲಸ ಮಾಡುತ್ತದೆ. ಹೆದೆ ಸಿಕ್ಕಿತೆಂದು ಕೂಡಲೇ ಬಾಣ ಹೂಡುವಂತಿಲ್ಲ. ಅಚ್ಚಿನ ಜೊತೆಗೇ ಬಿಲ್ಲು ತಣ್ಣಗಾಗಬೇಕು, ತನ್ನ ಹೊಸ ಆಕಾರಕ್ಕೆ ಒಗ್ಗಿಕೊಳ್ಳಬೇಕು. ಆಮೇಲೆ ಒಂದೊಂದಾಗಿ ಕಟ್ಟು ಬಿಚ್ಚಿ, ಬಿಲ್ಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಹೆದೆಯ ಗೆರೆ ಎರಡೂ ತೋಳುಗಳ ನಡುಮಧ್ಯೆ ಬರುತ್ತದೆಯೇ ನೋಡುತ್ತಾರೆ. ಬರುವುದಿಲ್ಲ, ಮೊದಲ ಸಲ ಎಂದೂ ಬರುವುದಿಲ್ಲ. ಒಂದು ತೋಳು ಎಡಕ್ಕೆ ವಾಲಿರುತ್ತದೆ. ಆಗ ವಾಲಿದ ಜಾಗವನ್ನು ಮತ್ತೆ ಕೆಂಡಕ್ಕೆ ತೋರಿಸಿ, ಎದುರು ಬದಿಗೆ ಒತ್ತಿ ಹಿಡಿದು, ಆರುವ ತನಕ ಕೈ ಬಿಡದೆ ಕೂರಬೇಕು. ಮೇಲಿನ ತೋಳಿಗೂ ಕೆಳಗಿನದಕ್ಕೂ ಬಾಗು ಎಷ್ಟಿದೆ ಎಂದು ಹೋಲಿಸಬೇಕು. ಕೈ ಹಿಡಿಯುವ ಜಾಗ ಬಾಣ ಕೂರುವ ಜಾಗಕ್ಕಿಂತ ಕೆಳಗಿರುವುದರಿಂದ ಕೆಳಗಿನ ತೋಳು ಒಂದು ಕೂದಲೆಳೆಯಷ್ಟು ಬಿರುಸಾಗಿದ್ದರೆ ಒಳ್ಳೆಯದು. ಬಿಸಿಗೂ ಬಗ್ಗದ ಬಿರುಸು ಉಳಿದರೆ ಮಾತ್ರ ಅರ ಎತ್ತಿಕೊಂಡು ಹೊಟ್ಟೆಯ ಕಡೆಯ ಕೋಡನ್ನು ಸವರುತ್ತಾರೆ. ನರದ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ, ಎಳೆ ಕಡಿದರೆ ಬೆನ್ನಿನ ಬಲವೇ ಹೋಯಿತು. ಇಷ್ಟಾದ ಮೇಲೆ ಒಂದು ಗೇಣು ಸೆಳೆದು ಬಿಡುವುದು, ಮತ್ತೆ ನೋಡುವುದು, ಒಂದೂವರೆ ಗೇಣು ಸೆಳೆಯುವುದು, ಮತ್ತೆ ಕೆಂಡ. ದಿನಗಟ್ಟಲೆ ಇದೇ.

ಇಲ್ಲೊಬ್ಬರು ಆಕ್ಷೇಪ ಎತ್ತಬಹುದು: ಹದವೇ ಎಲ್ಲ ಎಂದಾದರೆ ರಾಜ್ಯಗಳು ಕೋಡಿಗಾಗಿ ಯಾಕೆ ಅಷ್ಟು ಪರದಾಡಿದವು? ಪ್ರಶ್ನೆ ಸರಿಯಾದದ್ದೇ. ಎಮ್ಮೆ ಕೊರಿಯಾದ ಪ್ರಾಣಿಯಲ್ಲ. ಅಲ್ಲಿನ ಜೋಸಿಯೋನ್ ವಂಶದ ಅರಸರು ಚೀನಾದ ಮೂಲಕ ಕೋಡು ತರಿಸುತ್ತಿದ್ದರು. 15ನೆಯ ಶತಮಾನದಲ್ಲಿ ಮಿಂಗ್ ಆಡಳಿತ ಅದರ ಮಾರಾಟಕ್ಕೆ ಕಡಿವಾಣ ಹಾಕಿದಾಗ ರಾಯಭಾರಿಗಳು ಬೇಡಿಕೆ ಹೊತ್ತು ಹೋಗಬೇಕಾಯಿತು. ಎಮ್ಮೆಗಳನ್ನೇ ತರಿಸಿ ಸಾಕುವ ಪ್ರಯತ್ನವೂ ನಡೆಯಿತು. ಜಿಂಕೆಯ ಕೊಂಬಿನ ಬಿಲ್ಲುಗಳನ್ನೂ ಮಾಡಿ ನೋಡಿದರು. ಕೋಡಿಲ್ಲದೆ ಕೋಡಿನ ಬಿಲ್ಲಿಲ್ಲ ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಹಿಟ್ಟಿಲ್ಲದೆ ರೊಟ್ಟಿಯಿಲ್ಲ. ಆದರೆ ಕೋಡಿನ ಬೆಲೆ ಇರುವುದೇ ಅದು ಬೇರಾವ ವಸ್ತುವೂ ತಾಳದಷ್ಟು ಬಾಗನ್ನು ತಾಳಿ, ತಿದ್ದುವ ಕೈಗೆ ಅಷ್ಟು ದೊಡ್ಡ ಅಂಗಳ ಬಿಟ್ಟುಕೊಡುವುದರಲ್ಲಿ. ತಿದ್ದುವ ಕೈ ಇಲ್ಲದಿದ್ದರೆ ಆ ಅಂಗಳ ಇದ್ದೂ ಇಲ್ಲದಂತೆ. ‘ಇಲಿಯಡ್’ನಲ್ಲಿ ಪಂಡಾರಸನ ಬಿಲ್ಲನ್ನು ಕಾಡುಮೇಕೆಯ ಎರಡು ಕೋಡುಗಳಿಂದ ಜೋಡಿಸಿದ್ದೆಂದು ಹೋಮರ್ ವರ್ಣಿಸುತ್ತಾನೆ, ಬರಿಯ ಕೋಡುಗಳನ್ನು ತುದಿಗೆ ತುದಿ ಸೇರಿಸಿದರೆ ಬಿಲ್ಲು ಆಗುವುದಿಲ್ಲ ಎಂಬುದು ಮಾಡಿ ನೋಡಿದವರಿಗೆ ಗೊತ್ತು. ಕವಿಗೂ ಕಂಡದ್ದು ಸಾಮಗ್ರಿಯೇ.

ಆದರೆ ಅದೇ ಹೋಮರ್ ‘ಒಡಿಸ್ಸಿ’ಯ 21ನೆಯ ಸರ್ಗದಲ್ಲಿ ಕಸುಬಿನ ಒಳಗುಟ್ಟು ಬಲ್ಲವನಂತೆ ಮಾತಾಡುತ್ತಾನೆ. ಒಡಿಸ್ಯೂಸನ ಬಿಲ್ಲಿಗೆ ಹೆದೆ ಏರಿಸಲು ಹೆಣಗುವ ಯುವಕರು ಬೆಂಕಿ ಹೊತ್ತಿಸಿ, ಕೊಬ್ಬಿನ ಉಂಡೆ ತರಿಸಿ, ಬಿಲ್ಲನ್ನು ಕಾಯಿಸಿ ಸವರುತ್ತಾರೆ. ಮರದ ಬಿಲ್ಲಾಗಿದ್ದರೆ ಈ ಸಡಗರ ಬೇಕಿರಲಿಲ್ಲ. ಒಡಿಸ್ಯೂಸನೋ, ಅದನ್ನು ಕೈಗೆ ತೆಗೆದುಕೊಂಡವನೇ ಮೊದಲು ಎಲ್ಲ ಬದಿಗೂ ತಿರುಗಿಸಿ, ತಾನಿಲ್ಲದ ಕಾಲದಲ್ಲಿ ಹುಳು ಕೋಡನ್ನು ತಿಂದಿದೆಯೇ ಎಂದು ನೋಡುತ್ತಾನೆ. ಆ ಬಿಲ್ಲು ಕೋಡಿನ ಕೂಡುಬಿಲ್ಲೇ ಆಗಿತ್ತೆಂದು ಹಲವು ವಿದ್ವಾಂಸರು ವಾದಿಸಲು ಇವೇ ಆಧಾರ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ: ಬಿಲ್ಲಿನ ಒಡೆಯನಿಗೂ ಎರವಲು ಕೈಗಳಿಗೂ ಇರುವ ವ್ಯತ್ಯಾಸವನ್ನು ಕವಿ ತೋಳಿನ ಬಲದಲ್ಲಿ ಮಾತ್ರ ಇಟ್ಟಿಲ್ಲ, ಆ ಬಿಲ್ಲಿನ ಪರಿಚಯದಲ್ಲಿ ಇಟ್ಟಿದ್ದಾನೆ. ನಮ್ಮ ಕಾವ್ಯಗಳಲ್ಲೂ ಹೆದೆ ಏರಿಸುವುದೇ ಪರೀಕ್ಷೆ. ಜನಕನ ಸಭೆಯಲ್ಲಿ ಬಿಲ್ಲು ಹೆದೆಯೇರಿ ಸೆಳೆತಕ್ಕೆ ಮುರಿದದ್ದನ್ನು ನಾವು ರಾಮನ ಬಲವೆಂದು ಓದುತ್ತೇವೆ. ಬಿಲ್ಲು ಕಟ್ಟುವ ಕಸುಬಿನವನೊಬ್ಬ ಅಲ್ಲಿದ್ದಿದ್ದರೆ, ತಲೆಮಾರುಗಳಿಂದ ಪೆಟ್ಟಿಗೆಯಲ್ಲಿ ಬಿದ್ದಿದ್ದ ಬಿಲ್ಲನ್ನು ಕಾಯಿಸದೆ ಎತ್ತಿದರಲ್ಲ ಎಂದು ಗೊಣಗಿಕೊಂಡಿರುತ್ತಿದ್ದನೇನೋ. ಇನ್ನು ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗ ಎಂದೇ ಹೆಸರು; ಶೃಂಗದಿಂದ, ಅಂದರೆ ಕೋಡಿನಿಂದ ಆದದ್ದು. ಶಾರ್ಙ್ಗಪಾಣಿ ಎಂದು ದಿನವೂ ಹೇಳುವವರು ಈ ಅರ್ಥವನ್ನು ನೆನೆಯುವುದು ಕಡಿಮೆ.

ಎರಡನೆಯ ಆಕ್ಷೇಪ ನಮ್ಮ ನೆಲದ್ದೇ, ಹೆಚ್ಚು ಬಿರುಸಿನದು. ಇಷ್ಟು ಆರೈಕೆ ಬೇಡುವ ಆಯುಧವನ್ನು ಆಯುಧ ಎನ್ನಬಹುದೇ? ಕೌಟಿಲ್ಯನ ಅರ್ಥಶಾಸ್ತ್ರ ತಾಳೆ, ಬಿದಿರು, ಮರದ ಬಿಲ್ಲುಗಳ ಜೊತೆಗೆ ಕೋಡಿನ ಬಿಲ್ಲನ್ನೂ ಪಟ್ಟಿ ಮಾಡುತ್ತದೆ. ಅಗ್ನಿಪುರಾಣದ ಧನುರ್ವೇದ ಭಾಗ ಕೋಡು, ಮರಗಳ ಪಕ್ಕದಲ್ಲಿ ಲೋಹವನ್ನೂ ಹೇಳುತ್ತದೆ. ಮುಂದೆ ಮೊಗಲರ ಕಾಲದಲ್ಲೂ ಆಮೇಲೂ ಭಾರತದಲ್ಲಿ ಉಕ್ಕಿನ ಬಿಲ್ಲುಗಳು ನಿಜಕ್ಕೂ ತಯಾರಾದವು, ಕೋಡಿನ ಬಿಲ್ಲಿನ ಆಕಾರವನ್ನೇ ನಕಲು ಮಾಡಿ, ಚಿನ್ನದ ಕುಸುರಿ ಹಾಕಿ. ಕಾರಣ ಸ್ಪಷ್ಟ. ಆಷಾಢದಲ್ಲಿ ಮಲೆನಾಡಿನ ಅಟ್ಟದ ಮೇಲಿನ ಹಪ್ಪಳ ಏನಾಗುತ್ತದೆಂದು ಗೊತ್ತಿರುವವರಿಗೆ ಪ್ರಾಣಿಜನ್ಯ ಅಂಟು ಮಳೆಗಾಲದಲ್ಲಿ ಏನಾಗುತ್ತದೆಂದು ವಿವರಿಸಬೇಕಿಲ್ಲ. ನರವೂ ಅಂಟೂ ಗಾಳಿಯ ತೇವವನ್ನು ಹೀರುತ್ತವೆ, ಬಿಲ್ಲು ಮೆತ್ತಗಾಗುತ್ತದೆ, ತೋಳು ವಾಲುತ್ತದೆ, ಕೊನೆಗೆ ಪದರ ಬಿಡುತ್ತದೆ. ಉಕ್ಕಿನ ಬಿಲ್ಲಿಗೆ ಈ ರಗಳೆಯಿಲ್ಲ. ಆಯುಧಶಾಲೆಯಲ್ಲಿ ವರ್ಷಗಟ್ಟಲೆ ತೂಗುಹಾಕಿ, ಬೇಕಾದ ದಿನ ಇಳಿಸಿ ಯಾರ ಕೈಗಾದರೂ ಕೊಡಬಹುದು. ಆಡಳಿತದ ಕಣ್ಣಿಂದ ನೋಡಿದರೆ ಇದು ಜಾಣತನವೇ, ಆ ಲೆಕ್ಕವನ್ನು ತಪ್ಪೆಂದು ನಾನು ಹೇಳಲಾರೆ. ಆದರೆ ಉಕ್ಕಿನ ಬಿಲ್ಲು ಎಸೆದ ಬಾಣ ಕೋಡಿನ ಬಿಲ್ಲಿನದರಷ್ಟು ವೇಗವಾಗಿ ಹೋಗುತ್ತಿರಲಿಲ್ಲ. ಲೋಹದ ತೋಳು ಭಾರ, ಅದನ್ನು ಮುಂದಕ್ಕೆ ತಳ್ಳುವುದರಲ್ಲೇ ಶಕ್ತಿ ಸೋರುತ್ತದೆ. ನೋಡಿ, ಆಕಾರ ಅದೇ, ಸಾಮಗ್ರಿ ಇನ್ನೂ ಗಟ್ಟಿ, ಫಲ ಕಡಿಮೆ. ಹದದ ತಾಪತ್ರಯದಿಂದ ತಪ್ಪಿಸಿಕೊಳ್ಳಲು ರಾಜ್ಯ ತೆತ್ತ ಬೆಲೆ ಅದು. ಇಂಗ್ಲೆಂಡಿನಂಥ ತೇವದ ನಾಡಿನ ಕಾಲಾಳುಗಳಿಗೆ ಯೂ ಮರದ ಬಿಲ್ಲೇ ಸರಿ ಎಂಬುದನ್ನೂ ಇದೇ ಕಾರಣಕ್ಕೆ ಒಪ್ಪುತ್ತೇನೆ. ಕೋಡಿನ ಬಿಲ್ಲು ಎಲ್ಲೆಡೆಗೂ ಒಳ್ಳೆಯದೆಂಬುದು ನನ್ನ ವಾದವಲ್ಲ.

ಮೂರನೆಯ ಆಕ್ಷೇಪ ವಿಜ್ಞಾನದ ಹೆಸರಿನಲ್ಲಿ ಬರುತ್ತದೆ: ಕಣ್ಣಂದಾಜು, ಕೈಯಂದಾಜು ಎನ್ನುವುದೆಲ್ಲ ಅಳತೆಗೋಲು ಇಲ್ಲದ ಕಾಲದ ಮಾತು, ದಪ್ಪ, ಅಗಲ, ಸೆಳೆತದ ತೂಕ ಇಷ್ಟನ್ನು ಅಳೆದರೆ ಯಾರು ಬೇಕಾದರೂ ಹದ ತರಬಹುದು. ಅರ್ಧ ಒಪ್ಪುತ್ತೇನೆ. ಅಳತೆಯನ್ನು ಕೀಳಾಗಿ ಕಂಡ ಕಸುಬು ಇದಲ್ಲ. ಎರಡನೆಯ ಮಹಮೂದ್ ಸುಲ್ತಾನನ ಆಜ್ಞೆಯಂತೆ ಮುಸ್ತಫಾ ಕಾನಿ 19ನೆಯ ಶತಮಾನದಲ್ಲಿ ಬರೆದ ಗ್ರಂಥದಲ್ಲಿ ಬಿಲ್ಲಿನ ಅಂಗಾಂಗಗಳ ವಿವರ ಧಾರಾಳವಾಗಿದೆ. ಆ ತಿಳಿವಳಿಕೆಯ ಮೇಲೆಯೇ ಅಮೆರಿಕದ ಭೌತವಿಜ್ಞಾನಿ ಪಾಲ್ ಕ್ಲೋಪ್‌ಸ್ಟೆಗ್ 1934ರಲ್ಲಿ ತುರ್ಕಿ ಬಿಲ್ಲುವಿದ್ಯೆಯ ಪುಸ್ತಕ ಬರೆದದ್ದು. ಆಡಮ್ ಕಾರ್ಪೊವಿಚ್ ಹಳೆಯ ಆಟೋಮನ್ ಬಿಲ್ಲುಗಳ ಅಳತೆ ತೆಗೆದುಕೊಂಡು ಹೊಸದಾಗಿ ಕಟ್ಟಿ, ಆ ವಿವರವನ್ನು 2008ರಲ್ಲಿ ಪುಸ್ತಕ ಮಾಡಿದರು. ಅಳತೆ ಎಲ್ಲಿ ಶುರುಮಾಡಬೇಕೆಂದು ಹೇಳುತ್ತದೆ. 30 ಮಿಲಿಮೀಟರ್ ಅಗಲದ ಎರಡು ತೋಳುಗಳಲ್ಲಿ ಒಂದರ ನರ ಇನ್ನೊಂದಕ್ಕಿಂತ ಒಂದು ವಾರ ಮೊದಲು ಒಣಗಿದ್ದರೆ, ಎಡಗೋಡು ಬಲಗೋಡಿಗಿಂತ ಕೊಂಚ ತಿರುಚಿ ಬೆಳೆದಿದ್ದರೆ, ಆ ಬೆಳಗ್ಗೆ ಮಂಜು ಇದ್ದು ಮಧ್ಯಾಹ್ನ ಬಿಸಿಲಾದರೆ, ಅಳತೆಗೋಲು ಎರಡನ್ನೂ ಒಂದೇ ಎನ್ನುತ್ತದೆ, ಹೆದೆ ಬೇರೆ ಬೇರೆ ಎನ್ನುತ್ತದೆ. ಈ ಬಿಲ್ಲಿನ ಗುಣ ಸ್ಥಿರವಾದ ಅಂಕಿಯಲ್ಲ, ದಿನದಿಂದ ದಿನಕ್ಕೆ ಚಲಿಸುವಂಥದ್ದು. ಚಲಿಸುವ ವಸ್ತುವಿಗೆ ಬೇಕಾದ್ದು ಮರುಮರು ನೋಡುವ ಕಣ್ಣು.

ಇಸ್ತಾಂಬುಲಿನ ಓಕ್‌ಮೈದಾನಿಯಲ್ಲಿ ನಿಂತಿರುವ ಕಲ್ಲುಗಳನ್ನು ಇಲ್ಲಿ ನೆನೆಯಬೇಕು. 1453ರಲ್ಲಿ ನಗರವನ್ನು ಗೆದ್ದ ಎರಡನೆಯ ಮೆಹಮದ್ ಬಿಲ್ಲಾಳುಗಳಿಗೆಂದು ಬಿಟ್ಟುಕೊಟ್ಟ ಬಯಲು ಅದು. ಬಾಣ ಬಿದ್ದ ಜಾಗದಲ್ಲಿ ದಾಖಲೆಯ ಕಲ್ಲು ನೆಡುತ್ತಿದ್ದರು. ಸುಲ್ತಾನ ಮೂರನೆಯ ಸಲೀಂ 1798ರಲ್ಲಿ ಹೊಡೆದ ಬಾಣ 972 ಗಜ ಹೋಯಿತೆಂದು ಹೇಳುತ್ತಾರೆ. ಅದೇ ಶತಮಾನದ ಕೊನೆಯಲ್ಲಿ ಲಂಡನ್ನಿನಲ್ಲಿ ತುರ್ಕಿ ರಾಯಭಾರಿಯ ಕಾರ್ಯದರ್ಶಿ ಮಹಮೂದ್ ಎಫೆಂದಿ 482 ಗಜ ಹೊಡೆದು ತೋರಿಸಿದಾಗ ಅಲ್ಲಿನ ಬಿಲ್ಲಾಳುಗಳು ಬೆರಗಾದರು. ದೂರದ ಸ್ಪರ್ಧೆಗೆ ಹಗುರ ಬಾಣ, ಗಿಡ್ಡ ಬಿಲ್ಲು, ಅನುಕೂಲ ಗಾಳಿ ಎಲ್ಲ ಬೇಕು, ಯುದ್ಧಕ್ಕೂ ಇದಕ್ಕೂ ಸಂಬಂಧ ಕಡಿಮೆ ಎನ್ನಬಹುದು. ಸರಿ. ಆದರೆ ದೂರದ ಬಿಲ್ಲೆಂದರೆ ಹದದ ಅಂಚಿನ ಮೇಲೆ ನಿಂತ ಬಿಲ್ಲು. ತುದಿಯಿಂದ ಒಂದು ತೊಲ ತೂಕ ಕಡಿಮೆ ಮಾಡಿದರೆ ಬಾಣ ಮುಂದೆ ಹೋಗುತ್ತದೆ, ಎರಡು ತೊಲ ಕಡಿಮೆ ಮಾಡಿದರೆ ತೋಳು ತಿರುಚಿ ಬಿಲ್ಲೇ ಹೋಗುತ್ತದೆ. ಎಲ್ಲರಿಗೂ ಸಿಗುತ್ತಿದ್ದ ಅದೇ ಕೋಡು, ಅದೇ ನರದಿಂದ ಕೆಲವರ ಬಿಲ್ಲುಗಳಷ್ಟೇ ಕಲ್ಲು ನೆಡುವಷ್ಟು ದೂರ ಹೊಡೆದವು ಎಂಬುದು ನನ್ನ ವಾದಕ್ಕೆ ಸಿಕ್ಕ ಗಟ್ಟಿ ಆಧಾರ.

ಕಾವ್‌ಗೋಂಗ್‌ಜೀಯಲ್ಲಿ ಇನ್ನೊಂದು ವಿಚಿತ್ರ ಮಾತಿದೆ. ಬಿಲ್ಲನ್ನು ಮಾಡುವವನು ಬಿಲ್ಲಾಳಿನ ಮೈಕಟ್ಟನ್ನೂ ಸ್ವಭಾವವನ್ನೂ ನೋಡಿಕೊಳ್ಳಬೇಕಂತೆ: ಕುಳ್ಳಗೆ ದಪ್ಪಗಿದ್ದು ನಿಧಾನದವನಾದರೆ ಅವನಿಗೆ ಚುರುಕು ಬಿಲ್ಲು, ಆತುರದವನಾದರೆ ತಾಳ್ಮೆಯ ಬಿಲ್ಲು. ಇದನ್ನು ಪುರಾತನರ ಜ್ಯೋತಿಷ್ಯದಂತೆ ನಕ್ಕು ಬಿಡಬಹುದು. ಹಾಗೆ ಬಿಡಬೇಕಿಲ್ಲ. ಒಬ್ಬ ಎಷ್ಟು ಸೆಳೆಯುತ್ತಾನೆ, ತುಂಬಿದ ಸೆಳೆತದಲ್ಲಿ ಎಷ್ಟು ಹೊತ್ತು ಹಿಡಿದು ನಿಲ್ಲುತ್ತಾನೆ, ಹಿಡಿಯನ್ನು ಎಲ್ಲಿ ಒತ್ತುತ್ತಾನೆ ಎಂಬುದರಿಂದ ಅವನ ಬಿಲ್ಲಿನ ತೋಳುಗಳು ನಿಜವಾಗಿಯೂ ಬೇರೆಯಾಗಿ ವಾಲುತ್ತವೆ. ಹದಕ್ಕೆ ಬಂದ ಬಿಲ್ಲು ಎಂದರೆ ಒಬ್ಬನಿಗೆ ಹದವಾದ ಬಿಲ್ಲು. ಬೀಜಿಂಗಿನ ಜೂಯೂವಾನ್‌ಹಾವ್ ಎಂಬ ಬಿಲ್ಲಿನ ಅಂಗಡಿ 1721ರಿಂದ ನಡೆದುಬಂದದ್ದೆಂದು ಹೇಳಿಕೊಳ್ಳುತ್ತದೆ. 20ನೆಯ ಶತಮಾನದ ನಡುವಿನಲ್ಲಿ ನಿಂತುಹೋಗಿದ್ದ ಕೆಲಸವನ್ನು ಯಾಂಗ್ ವೆನ್‌ಟೋಂಗ್ ಮತ್ತು ಅವರ ಮಗ ಯಾಂಗ್ ಫೂಶೀ 1998ರಲ್ಲಿ ಮತ್ತೆ ಎತ್ತಿಕೊಂಡರು. ಬಿಟ್ಟುಹೋದ ಕಸುಬೊಂದರಲ್ಲಿ ಕೋಡು, ನರ, ಬಿದಿರನ್ನು ಮತ್ತೆ ಕೊಂಡು ತರಬಹುದು. ಕೂಡಿಸಿದ ಮೇಲೆ ಕೈ ಏನು ಮಾಡಬೇಕೆಂಬುದು ಯಾರದಾದರೂ ನೆನಪಿನಿಂದಲೇ ಬರಬೇಕು, ಅಲ್ಲಿ ಅದು ತಂದೆಯ ನೆನಪಿನಿಂದ ಬಂತು.

ಕೊನೆಯ ಆಕ್ಷೇಪ ಇವತ್ತಿನದು. ಫೈಬರ್‌ಗ್ಲಾಸ್, ಕಾರ್ಬನ್ ಪಟ್ಟಿಗಳ ಬಿಲ್ಲು ಅದೇ ಆಕಾರದಲ್ಲಿ ಸಿಗುತ್ತದೆ, ಮಳೆಗೆ ನೆನೆಯುವುದಿಲ್ಲ, ಬೆಲೆಯೂ ಕಡಿಮೆ. ಕೊರಿಯಾದ ಬಹುಪಾಲು ಬಿಲ್ಲಾಳುಗಳೇ ಅದನ್ನು ಹಿಡಿದಿರುವಾಗ ಕೆಂಡದ ಮುಂದೆ ಕೂರುವುದು ಹಟವಲ್ಲವೇ? ಅಭ್ಯಾಸಕ್ಕೆ, ಹೊಸಬರಿಗೆ ಆ ಬಿಲ್ಲೇ ಸರಿ. ಆದರೆ ಅದು ಹದವಿಲ್ಲದ ಬಿಲ್ಲಲ್ಲ. ಅದರ ಹದ ಕಾರ್ಖಾನೆಯ ಅಚ್ಚಿನಲ್ಲಿ, ಎಲ್ಲರಿಗೂ ಒಂದೇ ಎಂದು, ಒಮ್ಮೆಗೇ ಮುಗಿದಿದೆ ಅಷ್ಟೆ. ಕೋಡಿನ ಬಿಲ್ಲು ಹಿಡಿದ ಕೊರಿಯನ್ನನ ದಿನಚರಿ ಬೇರೆ. ಬಿಲ್ಲನ್ನು ಅವನು ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಡುತ್ತಾನೆ, ತೇವ ಹತ್ತದಂತೆ. ಹೊರತೆಗೆದು ತೋಳುಗಳನ್ನು ಕಾಯಿಸುತ್ತಾನೆ, ಹೆದೆ ಏರಿಸುತ್ತಾನೆ, ತುದಿಯಿಂದ ತುದಿಗೆ ಕಣ್ಣು ಹಾಯಿಸಿ ವಾಲಿದ್ದನ್ನು ಪಾದದಿಂದಲೋ ಮೊಣಕಾಲಿಂದಲೋ ಒತ್ತಿ ಸರಿಪಡಿಸುತ್ತಾನೆ, ಆರಲು ಬಿಡುತ್ತಾನೆ. ಇಷ್ಟಾದ ಮೇಲೆ 145 ಮೀಟರ್ ದೂರದ ಗುರಿ. 1971ರಲ್ಲಿ ಅಲ್ಲಿನ ಸರ್ಕಾರ ಬಿಲ್ಲು ಬಾಣ ಮಾಡುವ ಕಸುಬನ್ನು ರಕ್ಷಿತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಕಸುಬು ಉಳಿಯಬೇಕಾದರೆ ಮಾಡುವವರು ಇದ್ದರೆ ಸಾಲದು, ಹದ ಬಲ್ಲ ಬಳಸುವವರೂ ಬೇಕೆಂಬುದನ್ನು ಅಲ್ಲಿನ ಬಿಲ್ಲಾಳುಗಳ ಸಂಘ ಅರಿತಿರುವಂತಿದೆ. ಅಲ್ಲಿ ದರ್ಜೆ ಏರುವ ಪರೀಕ್ಷೆಗಳಲ್ಲಿ ನಾಲ್ಕನೆಯ ದಾನ್ ತನಕ ಯಾವ ಬಿಲ್ಲಾದರೂ ನಡೆಯುತ್ತದೆ. ಐದನೆಯದರಿಂದ ಮೇಲಕ್ಕೆ ಕೋಡಿನ ಬಿಲ್ಲು, ಬಿದಿರಿನ ಬಾಣ ಮಾತ್ರ.